ಪರಿಹಾರದ ಹಣ ಖಾತೆಗೆ ಬರಬೇಕಾದರೆ: ಪಹಣಿಯಿಂದ ಬ್ಯಾಂಕಿನವರೆಗೆ ರೈತರು ಅನುಸರಿಸಬೇಕಾದ ಕ್ರಮ

ಕೋವಿಡ್ ಲಾಕ್‌ಡೌನಿನಲ್ಲಿ ಬೆಳೆ ಮಾರಲಾಗದೆ ನಷ್ಟಕ್ಕೊಳಗಾದ ರೈತರಿಗೆ ಕರ್ನಾಟಕ ಸರ್ಕಾರ ಎರಡು ಸಲ ಪರಿಹಾರ ಘೋಷಿಸಿತು. 2020ರ ಮೇ ತಿಂಗಳಿನಲ್ಲಿ ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ, ಹಣ್ಣು ಮತ್ತು ತರಕಾರಿಗೆ ಹೆಕ್ಟೇರಿಗೆ 15,000 ರೂಪಾಯಿ, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಎಂದು ನಿಗದಿಯಾಯಿತು. 2021ರ ಮೇ ತಿಂಗಳಿನಲ್ಲಿ ಹೂವು, ಹಣ್ಣು, ತರಕಾರಿಗಳಿಗೆ ಹೆಕ್ಟೇರಿಗೆ 10,000 ರೂಪಾಯಿ ಎಂದಾಯಿತು. ಹೂವಿನ ಬೆಳೆಗೆ ಎರಡೂ ವರ್ಷ ಒಬ್ಬ ರೈತನಿಗೆ ಗರಿಷ್ಠ ಒಂದು ಹೆಕ್ಟೇರು ಎಂಬ ಮಿತಿಯಿತ್ತು.

ಆ ಅರ್ಜಿಗಳ ಗಡುವು ಎಂದೋ ಮುಗಿದಿದೆ. ಆದರೆ ಅಂದು ಹಣ ಕೈತಪ್ಪಿದವರ ಕಾಗದಗಳನ್ನು ನಮ್ಮ ಹೋಬಳಿಯಲ್ಲಿ ಒಂದೊಂದಾಗಿ ನೋಡುತ್ತ ಬಂದಿರುವ ನನಗೆ ಸ್ಪಷ್ಟವಾಗಿರುವುದು ಇಷ್ಟು: ಅಂದು ಯಾವ ಕೊಂಡಿ ಕಳಚಿತ್ತೋ ಬಹಳ ಜನರಲ್ಲಿ ಅದು ಇಂದಿಗೂ ಹಾಗೆಯೇ ಇದೆ. ಬರ ಬಂದಾಗ, ನೆರೆ ಬಂದಾಗ ಅದೇ ಹೆಸರು ಮತ್ತೆ ಪಟ್ಟಿಯಿಂದ ಬಿಟ್ಟುಹೋಗುತ್ತಿದೆ. ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬೆಳೆ ಸಮೀಕ್ಷೆ, ಬ್ಯಾಂಕ್ ಜೋಡಣೆ ಎಂಬ ಐದು ಕೊಂಡಿಗಳನ್ನು ಇದೇ ಕ್ರಮದಲ್ಲಿ ಸರಿಪಡಿಸಬೇಕು. ಹೆಚ್ಚಿನವರು ಮೊದಲು ಬ್ಯಾಂಕಿಗೆ ಓಡುತ್ತಾರೆ, ಅಲ್ಲಿ ಎಲ್ಲ ಸರಿಯಿದೆ ಎಂದು ಹೇಳಿಸಿಕೊಂಡು ಮನೆಗೆ ಬಂದು ಕಾಯುತ್ತಾರೆ. ಮೇಲಿನ ಕೊಂಡಿ ಸರಿಯಾಗದೆ ಕೆಳಗಿನದನ್ನು ಎಷ್ಟು ಬಿಗಿದರೂ ಹಣ ಬರುವುದಿಲ್ಲ.

ಹೊರಡುವ ಮುನ್ನ ಕೈಯಲ್ಲಿರಬೇಕಾದವು

ಪ್ರಸಕ್ತ ಸಾಲಿನ ಪಹಣಿ, ನಿಮ್ಮ ಹೆಸರಿನಲ್ಲಿರುವ ಪ್ರತಿಯೊಂದು ಸರ್ವೆ ನಂಬರಿಗೂ ಬೇರೆ ಬೇರೆಯಾಗಿ ಇರಬೇಕು. ಆಧಾರ್ ಕಾರ್ಡು, ಆಧಾರ್‌ಗೆ ಜೋಡಿಸಿದ ಮೊಬೈಲ್, ಇತ್ತೀಚೆಗೆ ಎಂಟ್ರಿ ಹಾಕಿಸಿದ ಪಾಸ್‌ಬುಕ್, ಎರಡು ಭಾವಚಿತ್ರ ಇಟ್ಟುಕೊಳ್ಳಿ. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾದರೆ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೂ ಬೇಕಾಗುತ್ತದೆ. ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಉದಾಸೀನ ಬೇಡ. ಮಗನದೋ ಅಳಿಯನದೋ ಹಳೆಯ ಸಂಖ್ಯೆ ಆಧಾರ್‌ನಲ್ಲಿ ಉಳಿದಿದ್ದು, ಆ ಸಿಮ್ ಇಂದು ಚಾಲ್ತಿಯಲ್ಲಿಲ್ಲದಿದ್ದರೆ ಮುಂದಿನ ಅರ್ಧದಷ್ಟು ಕೆಲಸಗಳು ಒಟಿಪಿ ಬಾರದೆ ಅಲ್ಲಿಯೇ ನಿಲ್ಲುತ್ತವೆ. ಆದ್ದರಿಂದ ಆಧಾರ್ ಸೇವಾ ಕೇಂದ್ರದಲ್ಲಿ ಮೊದಲು ಸಂಖ್ಯೆಯನ್ನು ಬದಲಾಯಿಸಿಕೊಳ್ಳಿ.

ಇವುಗಳ ಜೊತೆಗೆ ಒಂದು ನೋಟುಪುಸ್ತಕ ಇರಲಿ. ಯಾವ ದಿನ ಯಾವ ಕಚೇರಿಗೆ ಹೋದಿರಿ, ಯಾವ ಮೇಜಿನಲ್ಲಿ ಏನು ಹೇಳಿದರು, ಸ್ವೀಕೃತಿ ಸಂಖ್ಯೆ ಯಾವುದು ಎಂಬುದನ್ನು ಅಂದೇ ಬರೆದಿಡಿ. ಕೊನೆಯ ಹಂತದಲ್ಲಿ ಈ ಪುಸ್ತಕವೇ ನಿಮ್ಮ ದಾಖಲೆಯಾಗುತ್ತದೆ.

ಹಂತ 1: ಪಹಣಿಯನ್ನು ಓದಿ ನೋಡುವುದು

ಪಹಣಿಯನ್ನು ಎಲ್ಲರೂ ತೆಗೆಸುತ್ತಾರೆ, ಓದುವವರು ಕಡಿಮೆ. 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರು, ತಂದೆ ಅಥವಾ ಗಂಡನ ಹೆಸರು ಮತ್ತು ವಿಸ್ತೀರ್ಣ ಇರುತ್ತದೆ. ಅಲ್ಲಿ ಇಂದಿಗೂ ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿದ್ದರೆ ಪರಿಹಾರ ನಿಮ್ಮ ಹೆಸರಿಗೆ ಬರಲು ದಾರಿಯೇ ಇಲ್ಲ. ಉಳುವವರು ನೀವೇ ಎಂದು ಊರಿಗೆಲ್ಲ ಗೊತ್ತಿದ್ದರೂ ಪಟ್ಟಿಯನ್ನು ತಯಾರಿಸುವ ಕಂಪ್ಯೂಟರಿಗೆ ಅದು ಗೊತ್ತಿರುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಸಲ್ಲಿಸಿ. ಅಣ್ಣತಮ್ಮಂದಿರ ನಡುವೆ ಪಾಲು ಇತ್ಯರ್ಥವಾಗಿಲ್ಲ ಎಂಬ ಕಾರಣಕ್ಕೆ ಇದನ್ನು ಮುಂದೂಡುತ್ತಾರೆ. ಪಾಲು ಆಗದಿದ್ದರೂ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುವಂತೆ ಪೌತಿ ಮಾಡಿಸಬಹುದು. ಪಾಲು, ನಕ್ಷೆ, ಪೋಡಿ (ಜಮೀನನ್ನು ಅಳೆದು ಭಾಗಕ್ಕೆ ಬೇರೆ ಸಂಖ್ಯೆ ಕೊಡುವುದು) ಆಮೇಲೆ ಆಗಲಿ.

ಜಂಟಿ ಖಾತೆಯಲ್ಲಿ ಇನ್ನೊಂದು ತೊಡಕು ಇದೆ. ನಾಲ್ವರ ಹೆಸರಿರುವ ಎರಡು ಎಕರೆಯಲ್ಲಿ ಒಬ್ಬರೇ ಬೆಳೆ ಇಟ್ಟಿದ್ದರೆ, ಹಣ ಯಾರಿಗೆ ಮತ್ತು ಎಷ್ಟು ಭಾಗಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಉಳಿದ ಮೂವರ ಒಪ್ಪಿಗೆ ಪತ್ರವನ್ನು ಮೊದಲೇ ಬರೆಸಿಟ್ಟುಕೊಂಡಿರುವುದು ಕ್ಷೇಮ. ಹಣ ಬಂದ ಮೇಲೆ ಒಪ್ಪಿಗೆ ಕೇಳಲು ಹೋದವರು ಪಟ್ಟ ಪಾಡನ್ನು ನಾನು ಕಂಡಿದ್ದೇನೆ.

ವಿಸ್ತೀರ್ಣದಲ್ಲಿ ಖರಾಬು ಎಷ್ಟು ಎಂಬುದನ್ನೂ ನೋಡಿ, ಅದನ್ನು ಕಳೆದು ಉಳಿದುದಷ್ಟೇ ಸಾಗುವಳಿ ಜಮೀನು. ಗುತ್ತಿಗೆಗೆ ಜಮೀನು ಹಿಡಿದು ಬೆಳೆದವರು ಮಾಲೀಕರೊಡನೆ ಬರಹದಲ್ಲಿ ಕರಾರು ಮಾಡಿಕೊಳ್ಳದಿದ್ದರೆ, ನಷ್ಟ ಇವರದಾಗಿ ಪರಿಹಾರ ಪಹಣಿದಾರರದಾಗುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಇಂದಿನ ವ್ಯವಸ್ಥೆ ಇರುವುದು ಹೀಗೆಯೇ ಎಂಬುದನ್ನು ತಿಳಿದೇ ಕರಾರಿಗೆ ಇಳಿಯಬೇಕು.

ಹಂತ 2: ಹೆಸರುಗಳನ್ನು ಒಂದೇ ಮಾಡುವುದು

ಪಹಣಿಯಲ್ಲಿ "ಮುನಿಯಪ್ಪ ಬಿನ್ ದೊಡ್ಡಮುನಿಶಾಮಪ್ಪ", ಆಧಾರ್‌ನಲ್ಲಿ "ಮುನಿಯಪ್ಪ ಡಿ. ಎಂ.", ಪಾಸ್‌ಬುಕ್ಕಿನಲ್ಲಿ ಬರೀ "ಮುನಿಯಪ್ಪ" ಎಂದಿದ್ದರೆ ಊರಿನಲ್ಲಿ ಅದು ಒಬ್ಬನೇ ಮನುಷ್ಯ, ದಾಖಲೆಯಲ್ಲಿ ಮೂವರು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದನ್ನು ತಿದ್ದಬೇಕು ಎಂಬುದನ್ನು ಮನೆಯಲ್ಲಿಯೇ ಕೂತು ತೀರ್ಮಾನಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಲು ಅವಕಾಶವಿದೆ. ಯಾರೋ ಹೇಳಿದರೆಂದು ಒಮ್ಮೆ ಬದಲಿಸಿ, ಅದು ಬ್ಯಾಂಕಿಗೆ ಹೊಂದದೆ ಮತ್ತೊಮ್ಮೆ ಬದಲಿಸಿ, ಕೊನೆಗೆ ಪಹಣಿಗೆ ಹೊಂದಿಸಬೇಕಾದಾಗ ಬಾಗಿಲು ಮುಚ್ಚಿಹೋದವರಿದ್ದಾರೆ.

ಮಕ್ಕಳ ಶಾಲಾ ದಾಖಲೆ, ಪಡಿತರ ಚೀಟಿ, ಪಿಂಚಣಿ ಇವೆಲ್ಲ ಆಧಾರ್ ಹೆಸರಿಗೆ ಹೊಂದಿಕೊಂಡಿದ್ದರೆ ಆಧಾರನ್ನು ಮುಟ್ಟಬೇಡಿ. ಪಹಣಿಯ ಹೆಸರು ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಜೊತೆಗಿಡಿ. ಇದಕ್ಕೆ ಸಮಯ ಹಿಡಿಯುತ್ತದೆ, ಆದರೆ ಒಮ್ಮೆ ಆದರೆ ಮುಗಿಯಿತು. ಬ್ಯಾಂಕಿನ ಹೆಸರನ್ನು ತಿದ್ದುವುದು ಮೂರರಲ್ಲಿ ಎಲ್ಲಕ್ಕಿಂತ ಸುಲಭ. ಅದನ್ನು ಕೊನೆಗೆ ಉಳಿಸಿಕೊಳ್ಳಿ.

ಹಂತ 3: ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರುಗಳನ್ನೂ ಸೇರಿಸುವುದು

ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾದ ರೈತನಿಗೆ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಇಲಾಖೆಗಳ ಕಚೇರಿಗಳಲ್ಲಿ ನೋಂದಣಿ ಮಾಡುತ್ತಾರೆ, ಹೋಬಳಿಯ ರೈತ ಸಂಪರ್ಕ ಕೇಂದ್ರ ಎಲ್ಲರಿಗೂ ಹತ್ತಿರದ ಜಾಗ. "ನನಗೆ ಎಫ್‌ಐಡಿ ಇದೆ" ಎಂದು ಹೇಳಿ ಸುಮ್ಮನಾಗುವುದೇ ಇಲ್ಲಿ ಜನ ಮಾಡುವ ದೊಡ್ಡ ತಪ್ಪು. ಗೊಬ್ಬರಕ್ಕೋ ಬೀಜಕ್ಕೋ ಹೋದ ದಿನ ಕೈಯಲ್ಲಿದ್ದ ಒಂದು ಪಹಣಿಯನ್ನು ಕೊಟ್ಟು ನೋಂದಣಿ ಮಾಡಿಸಿರುತ್ತಾರೆ, ಉಳಿದ ಎರಡು ಸರ್ವೆ ನಂಬರುಗಳು ಹೊರಗೇ ಉಳಿದಿರುತ್ತವೆ. ಹೂವು ಇದ್ದದ್ದು ಆ ಹೊರಗುಳಿದ ಜಮೀನಿನಲ್ಲಾದರೆ ಎಫ್‌ಐಡಿ ಇದ್ದೂ ಇಲ್ಲದಂತೆಯೇ.

ಕೇಂದ್ರದಲ್ಲಿ ನಿಮ್ಮ ಎಫ್‌ಐಡಿ ವಿವರವನ್ನು ತೆರೆಯಲು ಹೇಳಿ ಪರದೆಯಲ್ಲಿ ಕಾಣುವ ಸರ್ವೆ ನಂಬರುಗಳನ್ನು ನೀವು ತಂದ ಪಹಣಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಿ. ಸರ್ವೆ ನಂಬರಿನೊಳಗಿನ ಭಾಗವನ್ನು ಹೇಳುವ ಹಿಸ್ಸಾ ಸಂಖ್ಯೆಯೂ ಹೊಂದಬೇಕು: 45/2 ಮತ್ತು 45/2ಎ ಬೇರೆ ಬೇರೆ. ಪೋಡಿಯಾಗಿ ಹೊಸ ಹಿಸ್ಸಾ ಬಂದ ಮೇಲೆ ಎಫ್‌ಐಡಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿರುವುದು ಬಹಳ ಸಾಮಾನ್ಯ. ಮಾರಿದ ಜಮೀನು ನಿಮ್ಮ ಎಫ್‌ಐಡಿಯಲ್ಲಿ ಉಳಿದಿದ್ದರೆ ಅದನ್ನೂ ತೆಗೆಸಿ. ಇಲ್ಲವಾದರೆ ಕೊಂಡವರಿಗೂ ನಿಮಗೂ ತೊಂದರೆ. ಅರ್ಜಿ ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ, ಅಧಿಕಾರಿಯ ಅನುಮೋದನೆ ಆಗಬೇಕು. ವಾರ ಕಳೆದು ಮತ್ತೊಮ್ಮೆ ವಿಚಾರಿಸಿ.

ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಗ್ರಾಮ ಆಡಳಿತ ಅಧಿಕಾರಿಗಳ ಮೂಲಕ ಪ್ರತ್ಯೇಕವಾಗಿ ಮಾಡಿಸುತ್ತಿದೆ. ಅದು ಆಯಿತೆಂದರೆ ಎಫ್‌ಐಡಿಯೂ ಆದಂತೆ ಎಂದು ಭಾವಿಸಬಾರದು.

ಹಂತ 4: ಬೆಳೆ ಸಮೀಕ್ಷೆ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಕೋವಿಡ್ ಪರಿಹಾರದ ಪಟ್ಟಿಗಳಿಗೆ ಬೆಳೆ ಸಮೀಕ್ಷೆಯ ದತ್ತಾಂಶವೇ ಆಧಾರವಾಗಿತ್ತು. ಹೊಲದಲ್ಲಿ ಏನಿತ್ತು ಎನ್ನುವುದಕ್ಕಿಂತ ಸಮೀಕ್ಷೆಯಲ್ಲಿ ಏನೆಂದು ದಾಖಲಾಗಿತ್ತು ಎನ್ನುವುದೇ ಮುಖ್ಯವಾಯಿತು.

ಹೂವಿನ ಬೆಳೆಗಾರರು ಹೇಗೆ ಬಿಟ್ಟುಹೋದರು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. 2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ರಂದು, ದೇಶವ್ಯಾಪಿ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಯುಗಾದಿಗೂ ಆಮೇಲಿನ ಮದುವೆ ಕಾಲಕ್ಕೂ ಎಂದು 30 ಗುಂಟೆಯಲ್ಲಿ ಸೇವಂತಿಗೆ ಇಟ್ಟಿದ್ದ ಒಬ್ಬರ ಜಮೀನನ್ನು ತೆಗೆದುಕೊಳ್ಳಿ. ಅದೇ ಜಮೀನಿನಲ್ಲಿ ಮುಂಗಾರಿನಲ್ಲಿ ರಾಗಿ ಇತ್ತು, ಸಮೀಕ್ಷೆಗೆ ಬಂದವರು ರಾಗಿ ಎಂದು ಬರೆದುಕೊಂಡು ಫೋಟೋ ತೆಗೆದು ಹೋದರು. ರಾಗಿ ಕೊಯ್ದು ಹೂವಿನ ಸಸಿ ನೆಟ್ಟ ಮೇಲೆ ಹಿಂಗಾರಿಗಾಗಲಿ ಬೇಸಿಗೆಗಾಗಲಿ ಯಾರೂ ಅತ್ತ ಬರಲಿಲ್ಲ, ಇವರೂ ಕೇಳಲಿಲ್ಲ. ಗಿಡದಲ್ಲಿಯೇ ಹೂವು ಕಪ್ಪಾಗಿ ಬಾಡುತ್ತಿದ್ದಾಗ ದಾಖಲೆಯಲ್ಲಿ ಆ ಜಮೀನು ರಾಗಿ ಹೊಲವಾಗಿಯೇ ಉಳಿದಿತ್ತು. ಇಂಥವರು ತೋಟಗಾರಿಕೆ ಇಲಾಖೆಗೆ ಪ್ರತ್ಯೇಕ ಅರ್ಜಿ ಕೊಟ್ಟು, ಬೆಳೆ ಇತ್ತೆಂದು ಸಾಬೀತುಪಡಿಸಬೇಕಾಗಿ ಬಂತು. ಅಷ್ಟರಲ್ಲಿ ಬಾಡಿದ ಗಿಡವನ್ನು ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿದ್ದವರ ಬಳಿ ತೋರಿಸಲು ಏನೂ ಇರಲಿಲ್ಲ.

ಆದ್ದರಿಂದ ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಹಂಗಾಮಿನ ಸಮೀಕ್ಷೆಯನ್ನು ನೀವೇ ಗಮನಿಸಬೇಕು. 2020ರ ಮುಂಗಾರಿನಿಂದ ರೈತರೇ ಮೊಬೈಲ್ ಆ್ಯಪ್ ಮೂಲಕ ತಮ್ಮ ಬೆಳೆಯನ್ನು ದಾಖಲಿಸುವ ಅವಕಾಶ ಬಂದಿದೆ. ಫೋಟೋ ತೆಗೆಯುವಾಗ ಆಯಾ ಸರ್ವೆ ನಂಬರಿನ ಗಡಿಯೊಳಗೆ ನಿಂತಿರಬೇಕು, ಮನೆಯಂಗಳದಲ್ಲಿ ಕೂತು ಮಾಡಲು ಆಗುವುದಿಲ್ಲ. ಆ್ಯಪ್ ಬಳಸಲು ಬಾರದವರು ಊರಿಗೆ ನೇಮಕವಾದ ಖಾಸಗಿ ನಿವಾಸಿ ಸಮೀಕ್ಷಕರನ್ನು ಕರೆದುಕೊಂಡು ಹೋಗಿ ಹೊಲದ ಬದುವಿನಲ್ಲಿ ಜೊತೆಗೆ ನಿಲ್ಲಬೇಕು. ಒಂದೇ ಜಮೀನಿನಲ್ಲಿ ಅರ್ಧ ಟೊಮೆಟೊ, ಅರ್ಧ ಚೆಂಡು ಹೂ ಇದ್ದರೆ ಎರಡನ್ನೂ ವಿಸ್ತೀರ್ಣಸಹಿತ ಬೇರೆ ಬೇರೆಯಾಗಿ ಬರೆಸಿ. ಅಂಚಿನಲ್ಲಿ ಕಂಡ ಒಂದು ಬೆಳೆಯನ್ನೇ ಇಡೀ ಜಮೀನಿಗೆ ಬರೆದುಬಿಡುವುದು, ತೆಂಗಿನ ತೋಟದೊಳಗಿನ ಅಂತರಬೆಳೆಯನ್ನು ಕೈಬಿಡುವುದು, ಬೆಳೆಯಿರುವ ಜಮೀನನ್ನು ಬೀಳು ಎಂದು ಹಾಕುವುದು ಮತ್ತೆ ಮತ್ತೆ ಕಂಡ ತಪ್ಪುಗಳು.

ದಾಖಲಾದ ಮೇಲೆ "ಬೆಳೆ ದರ್ಶಕ" ಆ್ಯಪಿನಲ್ಲಿ ವರ್ಷ, ಹಂಗಾಮು, ಊರು, ಸರ್ವೆ ನಂಬರು ಕೊಟ್ಟು ಏನು ದಾಖಲಾಗಿದೆ ಎಂದು ನೋಡಬಹುದು. ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ಗಡುವು ಮುಗಿದ ಮೇಲೆ ಹಂಗಾಮು ಮುಚ್ಚಿಹೋಗುತ್ತದೆ, ಆಮೇಲೆ ಯಾವ ಕಚೇರಿಯ ಬಾಗಿಲು ತಟ್ಟಿದರೂ ತಿದ್ದಿಸುವುದು ಬಹಳ ಕಷ್ಟ.

ಇದಲ್ಲದೆ ನಿಮ್ಮದೇ ಆದ ಸಾಕ್ಷ್ಯ ಬೇಕು. ಸಸಿ ತಂದ ನರ್ಸರಿಯ ರಸೀದಿ, ಔಷಧಿ ಅಂಗಡಿಯ ಬಿಲ್ಲು, ಮಂಡಿಯಲ್ಲಿ ಕೊಟ್ಟ ಪಟ್ಟಿ, ದಿನಾಂಕ ಮತ್ತು ಸ್ಥಳ ಕಾಣುವ ಫೋಟೋ ಇವನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ಬೆಳೆ ನಾಶವಾದರೆ ಉಳುವ ಮೊದಲು ಹೋಬಳಿಯ ಸಹಾಯಕ ತೋಟಗಾರಿಕೆ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಅಕ್ಕಪಕ್ಕದ ಜಮೀನಿನವರ ಸಹಿಯೊಂದಿಗೆ ಮಹಜರು (ಸ್ಥಳ ಪರಿಶೀಲನೆಯ ಬರಹ) ಮಾಡಿಸಿಕೊಳ್ಳಿ.

ಹಂತ 5: ಎಷ್ಟು ಹಣ ಬರಬೇಕು ಎಂದು ಲೆಕ್ಕ ಹಾಕುವುದು

ಬರಬೇಕಾದ ಮೊತ್ತ ಗೊತ್ತಿಲ್ಲದೆ ಬಂದದ್ದು ಸರಿಯೋ ತಪ್ಪೋ ಹೇಳಲಾಗುವುದಿಲ್ಲ. ಒಂದು ಹೆಕ್ಟೇರು ಎಂದರೆ 2.47 ಎಕರೆ, ಅಂದರೆ ಸರಿಸುಮಾರು 2 ಎಕರೆ 19 ಗುಂಟೆ. ಹೆಕ್ಟೇರಿಗೆ 25,000 ರೂಪಾಯಿ ಎಂದರೆ ಗುಂಟೆಗೆ ಸುಮಾರು 253 ರೂಪಾಯಿ; 10,000 ಎಂದರೆ ಗುಂಟೆಗೆ ಸುಮಾರು 101 ರೂಪಾಯಿ. ಮೇಲಿನ 30 ಗುಂಟೆ ಸೇವಂತಿಗೆಗೆ 2020ರ ದರದಲ್ಲಿ ಸುಮಾರು 7,588 ರೂಪಾಯಿಯೂ 2021ರ ದರದಲ್ಲಿ ಸುಮಾರು 3,035 ರೂಪಾಯಿಯೂ ಆಗುತ್ತಿತ್ತು. ನಾಲ್ಕು ಎಕರೆ ಹೂವು ಇದ್ದವರಿಗೂ ಮಿತಿಯ ಕಾರಣ 25,000 ರೂಪಾಯಿಗಿಂತ ಹೆಚ್ಚು ಬರುವಂತಿರಲಿಲ್ಲ. "ಎಕರೆಗೆ 25,000" ಎಂದು ತಪ್ಪಾಗಿ ತಿಳಿದು, ಬಂದ ಹಣವನ್ನು ಯಾರೋ ನುಂಗಿದರೆಂದು ಕಚೇರಿಯಲ್ಲಿ ಜಗಳವಾದದ್ದೂ ಉಂಟು.

ಹಂತ 6: ಬ್ಯಾಂಕ್ ಜೋಡಣೆ

ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ, ನೇರ ನಗದು ವರ್ಗಾವಣೆಗೆ ಆಧಾರ್ ಜೋಡಣೆಯಾಗಿರುವುದು ಬೇರೆ. ಮೊದಲನೆಯದು ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ), ಅದು ಬ್ಯಾಂಕಿನೊಳಗಿನ ದಾಖಲೆ. ಎರಡನೆಯದು ಬ್ಯಾಂಕುಗಳ ನಡುವಿನ ಪಾವತಿಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಪಿಸಿಐ ನಕ್ಷೆಯಲ್ಲಿ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ನಮೂದು. ಸರ್ಕಾರದ ಹಣ ಆಧಾರ್ ಮೂಲಕ ಬರುವಾಗ ಈ ನಮೂದನ್ನೇ ನೋಡುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ "ಆಧಾರ್ ಲಿಂಕ್ ಆಗಿದೆ" ಎಂದಾಗ ಅವರು ಮೊದಲನೆಯದನ್ನು ಕುರಿತು ಹೇಳುತ್ತಿರಬಹುದು. "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ, ಸಕ್ರಿಯವಾಗಿದೆಯೇ" ಎಂದೇ ಸ್ಪಷ್ಟವಾಗಿ ಕೇಳಿ. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ಒಳಹೊಕ್ಕರೆ ಬ್ಯಾಂಕ್ ಜೋಡಣೆಯ ಸ್ಥಿತಿ ನಿಮಗೇ ಕಾಣುತ್ತದೆ.

ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಯದಾಗಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರಿ ಅಲ್ಲಿಗೇ ಹಣ ಹೋಗುತ್ತದೆ. ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿ ತೆರೆಸಿದ ಖಾತೆ, ಸಂಘದವರು ತೆರೆಸಿದ ಖಾತೆ, ಊರಿಗೆ ಬಂದು ತೆರೆದುಕೊಟ್ಟ ಖಾತೆ ಹೀಗೆ ಮರೆತುಹೋದ ಖಾತೆಯಲ್ಲಿ ಪರಿಹಾರದ ಹಣ ಬಂದು ಕೂತಿದ್ದನ್ನು ಹಲವು ಸಲ ಕಂಡಿದ್ದೇನೆ. 2020–21ರ ಹಣ ಬರಲೇ ಇಲ್ಲ ಎನ್ನುವವರು ಇಂಥ ಖಾತೆಗಳ ಆ ವರ್ಷದ ವಿವರವನ್ನು ಒಮ್ಮೆ ತೆಗೆಸಿ ನೋಡಬೇಕು. "ಡಿಬಿಟಿ ಕರ್ನಾಟಕ" ಆ್ಯಪಿನಲ್ಲಿಯೂ ಯಾವ ಯೋಜನೆಯ ಹಣ ಯಾವ ದಿನ ಯಾವ ಖಾತೆಗೆ ಸಂದಾಯವಾಯಿತು ಎಂಬುದು ಕಾಣುತ್ತದೆ.

ಬ್ಯಾಂಕುಗಳ ವಿಲೀನವನ್ನೂ ಮರೆಯಬಾರದು. ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ವಿಜಯಾ ಬ್ಯಾಂಕು ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತ್ತು. ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂಬ ಒಂದೇ ಬ್ಯಾಂಕಾಗಿವೆ. ಅರ್ಜಿಯಲ್ಲಿ ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬರೆಯಬೇಡಿ, ಶಾಖೆಯಲ್ಲಿ ಹೊಸದನ್ನು ಕೇಳಿ ಬರೆಯಿರಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ನೂರು ರೂಪಾಯಿ ಹಾಕಿ ತೆಗೆದು ಅದನ್ನು ಚಾಲ್ತಿಯಲ್ಲಿಡಿ.

ಹಣ ಬಂದು ಬೆಳೆಸಾಲಕ್ಕೆ ಜಮೆಯಾಗಿಬಿಟ್ಟಿದ್ದರೆ, ಯಾವ ಆದೇಶದ ಮೇಲೆ ಹೊಂದಿಸಿಕೊಂಡಿರಿ ಎಂದು ಶಾಖಾ ವ್ಯವಸ್ಥಾಪಕರನ್ನು ಬರಹದಲ್ಲಿ ಕೇಳಿ.

ಕೂಡಲೇ ಎಚ್ಚರಗೊಳ್ಳಬೇಕಾದ ಸೂಚನೆಗಳು

ಪಕ್ಕದ ಜಮೀನಿನವರಿಗೆಲ್ಲ ಹಣ ಬಂದು ನಿಮಗೆ ಮಾತ್ರ ಬಾರದಿದ್ದರೆ ನಾಲ್ಕನೆಯ ಹಂತವನ್ನು, ಪಟ್ಟಿಯಲ್ಲಿ ಹೆಸರಿದ್ದು ಹಣ ಬಾರದಿದ್ದರೆ ಆರನೆಯ ಹಂತವನ್ನು ಮೊದಲು ಪರಿಶೀಲಿಸಿ. ಪಿಎಂ ಕಿಸಾನ್ ಕಂತು ಬರುತ್ತಿದ್ದು ರಾಜ್ಯದ ಪರಿಹಾರ ಮಾತ್ರ ಬಾರದಿದ್ದರೆ ಬ್ಯಾಂಕಿನಲ್ಲಿ ತಪ್ಪಿರುವ ಸಂಭವ ಕಡಿಮೆ, ಸರ್ವೆ ನಂಬರು ಅಥವಾ ಬೆಳೆಯ ನಮೂದಿನಲ್ಲಿ ಹುಡುಕಿ.

"ಪರಿಹಾರ ಮಂಜೂರಾಗಿದೆ, ಒಟಿಪಿ ಹೇಳಿ" ಎಂದು ಬರುವ ಕರೆಗೆ ಉತ್ತರಿಸಬೇಡಿ. ವಾಟ್ಸ್‌ಆ್ಯಪಿನಲ್ಲಿ ಯೋಜನೆಯ ಹೆಸರು ಹೊತ್ತು ಬರುವ ಎಪಿಕೆ ಕಡತವನ್ನು (ಫೋನಿಗೆ ಆ್ಯಪ್ ಹಾಕುವ ಕಡತ) ಮುಟ್ಟಲೇಬಾರದು, ಒಮ್ಮೆ ತೆರೆದರೆ ಖಾತೆಯಲ್ಲಿ ಇದ್ದದ್ದೂ ಹೋಗುತ್ತದೆ. ಹಣ ಬರಿಸಿಕೊಡುತ್ತೇನೆಂದು ಮುಂಗಡ ಕೇಳುವ ಮಧ್ಯವರ್ತಿಯಿಂದ ದೂರವಿರಿ. ಪಾಸ್‌ಬುಕ್ಕು, ಎಟಿಎಂ ಕಾರ್ಡು ಯಾರ ಕೈಗೂ ಹೋಗಬಾರದು.

ಹಂತ 7: ಬರಹದಲ್ಲಿ ಕೇಳುವುದು

ಐದೂ ಕೊಂಡಿಗಳು ಸರಿಯಿದ್ದು ಹಣ ಬಾರದಿದ್ದರೆ ಬಾಯಿಮಾತಿನ ಅಲೆದಾಟವನ್ನು ಅಲ್ಲಿಗೇ ನಿಲ್ಲಿಸಿ. ತೋಟಗಾರಿಕೆ ಬೆಳೆಯಾದರೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರಿಗೆ, ಉಳಿದ ಬೆಳೆಯಾದರೆ ಸಹಾಯಕ ಕೃಷಿ ನಿರ್ದೇಶಕರಿಗೆ, ಬರ ಮತ್ತು ನೆರೆ ಪರಿಹಾರವಾದರೆ ತಹಶೀಲ್ದಾರರಿಗೆ ಅರ್ಜಿ ಬರೆಯಿರಿ. ಎಫ್‌ಐಡಿ, ಸರ್ವೆ ನಂಬರು, ಹಂಗಾಮು, ಬೆಳೆ, ವಿಸ್ತೀರ್ಣ, ಬರಬೇಕಾದ ಮೊತ್ತ ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ನಮೂದಿಸಿ ಎರಡು ಪ್ರತಿ ಮಾಡಿ. ಒಂದರ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಕಾರಣ ನಮೂದಿಸಿದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ ಎಂದು ಕೇಳಿ. ಹಿಂಬರಹ ಕೈಯಲ್ಲಿದ್ದರೆ ಮೇಲಿನ ಅಧಿಕಾರಿಯ ಬಳಿ ಹೋಗಲು ಆಧಾರ ಸಿಗುತ್ತದೆ.

ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ, 30 ದಿನಗಳೊಳಗೆ ಉತ್ತರ ಕೊಡಬೇಕು. "ನನಗೆ ಪರಿಹಾರ ಏಕೆ ಬಂದಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುವ ಸಂಭವವಿದೆ. ಹೀಗೆ ಕೇಳಿ: ಇಂಥ ವರ್ಷದ ಇಂಥ ಪರಿಹಾರಕ್ಕೆ ನಮ್ಮ ಗ್ರಾಮದಲ್ಲಿ ಆಯ್ಕೆಯಾದವರ ಪಟ್ಟಿಯ ಪ್ರತಿ, ಇಂಥ ಸರ್ವೆ ನಂಬರಿಗೆ ಆ ಹಂಗಾಮಿನಲ್ಲಿ ದಾಖಲಾದ ಬೆಳೆ ಮತ್ತು ವಿಸ್ತೀರ್ಣದ ವಿವರ, ಇಂಥ ಎಫ್‌ಐಡಿಗೆ ಹಣ ಕಳುಹಿಸಿದ್ದರೆ ದಿನಾಂಕ, ಮೊತ್ತ ಮತ್ತು ಬ್ಯಾಂಕಿನ ಹೆಸರು, ಹಣ ಹಿಂದಿರುಗಿದ್ದರೆ ದಾಖಲಾದ ಕಾರಣ, ನಾನು ಇಂಥ ದಿನ ಕೊಟ್ಟ ಅರ್ಜಿಯ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಯ ಪ್ರತಿ. ಉತ್ತರ ಬಂದ ದಿನ ಅದನ್ನು ನಿಮ್ಮ ನೋಟುಪುಸ್ತಕದ ಪಕ್ಕದಲ್ಲಿಟ್ಟು ತಾಳೆ ನೋಡಿ, ಯಾವ ಹಂತದಲ್ಲಿ ತಪ್ಪಿದೆಯೋ ಆ ಹಂತದಿಂದ ಮತ್ತೆ ಶುರುಮಾಡಿ.